ಪವರ್ ಆಮೇಲೆ ನೋಡಣ, ಮೊದ್ಲು ಕನ್ನಡಿ: ಮಲ್ನಾಡ್ ರಸ್ತೆಗೆ ಜೋರಿನ ಕಾರು ಆರ್ಸೋದು, ಕನ್ನಡಿ ಕೂರ್ಸೋದು

ನಂಗೆ ಗುರ್ತಿರೋ ನಾಲ್ಕು ಜನ ಈಚೆಗೆ ಟರ್ಬೊ ಕಾರು (ಇಂಜಿನ್ನಿಗೆ ಗಾಳಿ ಒತ್ತಿ ತುಂಬಿ ಜೋರು ಜಾಸ್ತಿ ಮಾಡಿರೋದು) ತಗೊಂಡ್ರು. ನಾಲ್ಕರಲ್ಲಿ ಮೂರು ಕಾರಿನ ಎಡಗಡೆ ಬಾಗ್ಲಿಗೆ ಆಗ್ಲೇ ಗೀರು ಬಿದ್ದಿದೆ, ಇನ್ನೊಬ್ಬ ನಮ್ಮ ದೊಡ್ಡಪ್ಪನ ಮಗ, ಅವ್ನು ಮಂಡಗದ್ದೆ ಹತ್ರ ಬೈಕಿನವ್ನಿಗೆ ತಾಗಿಸ್ಬಿಡ್ತಿದ್ದ, ದೇವ್ರು ದೊಡ್ಡೋನು ಬಚಾವಾದ. ಕೇಳಿದ್ರೆ ನಾಲ್ಕು ಜನದ್ದೂ ಒಂದೇ ಮಾತು, "ಕಾಣ್ಲೇ ಇಲ್ಲ ಮಾರಾಯ, ಎಲ್ಲಿಂದ ಬಂದ್ನೋ ಏನೋ". ಅಲ್ಲ, ಬೈಕಿನವ್ನು ಆಕಾಶದಿಂದ ಉದುರಲ್ಲ, ಹಿಂದಿಂದ್ಲೇ ಬಂದಿರ್ತಾನೆ. ಕಾಣೋ ಹಾಗೆ ಕನ್ನಡಿ ಇಟ್ಕೊಂಡಿರಲ್ಲ ಅಷ್ಟೇ. ಇನ್ನೂ ಹಿಂದಕ್ಕೆ ಹೋಗಿ ಕೇಳಿದ್ರೆ, ಕಾರು ತಗೊಳೋವಾಗ ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ನೋಡಿರ್ತಾರೆ, ಸೀಟಲ್ಲಿ ಕೂತಾಗ ಹಿಂದೆ ಎಷ್ಟು ಕಾಣುತ್ತೆ ಅಂತ ಒಬ್ರೂ ನೋಡಿರಲ್ಲ.

ಅದಕ್ಕೇ ಕಾರು ಆರ್ಸೋದು, ಕನ್ನಡಿ ಕೂರ್ಸೋದು ಎರಡನ್ನೂ ಒಟ್ಟಿಗೆ ಬರೀತಾ ಇದೀನಿ. ಕೆಳಗಿನ ಕ್ರಮ ತಪ್ಪಿಸ್ಬೇಡಿ, ಮುಖ್ಯವಾಗಿ ಹಂತ 6ರಿಂದ 9. ಸೀಟು ಸರಿ ಮಾಡದೆ ಕನ್ನಡಿ ಮುಟ್ಟಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಕೈಗೆ ಎಂತೆಂತ ಬೇಕು

ಒಂದು ಅಳತೆ ಟೇಪು, ಟೈರ್ ಗಾಳಿ ನೋಡೋ ಗೇಜು, ಒಂದು ಮೈಕ್ರೊಫೈಬರ್ ಬಟ್ಟೆ, ಮೊಬೈಲಿನ ಟಾರ್ಚು. ಆಮೇಲೆ ಬೈಕಿರೋ ಒಬ್ಬ ಸಹಾಯಕ್ಕೆ, ಮತ್ತೆ ಸಪಾಟಾಗಿರೋ ಜಾಗ. ಅಡಿಕೆ ಒಣಗ್ಸೋ ಅಂಗಳ ಇದ್ರೆ ಅದಕ್ಕಿಂತ ಒಳ್ಳೇದಿಲ್ಲ, ಅಡಿಕೆ ಹರವಿಲ್ಲದ ದಿನ ನೋಡ್ಕೊಂಡು ಮಾಡಿ, ಇಲ್ಲಾಂದ್ರೆ ಮನೇಲಿ ಬೈಸ್ಕೊಳೋದು ನೀವೇ.

ಹಂತ 1: ದುಡ್ಡಿನ ಲೆಕ್ಕ ಮೊದ್ಲೇ ಮುಗ್ಸಿ

2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್ ಕಾರಿನ ಜಿಎಸ್‌ಟಿ ಬದಲಾಗಿದೆ. ನಾಲ್ಕು ಮೀಟರ್ ಒಳಗಿನ ಉದ್ದ, 1200 ಸಿಸಿ ಒಳಗಿನ ಪೆಟ್ರೋಲ್ ಇಂಜಿನ್, ಇವೆರಡೂ ಇದ್ರೆ 18 ಪರ್ಸೆಂಟು, ಇಲ್ಲಾಂದ್ರೆ 40. ಅಂದ್ರೆ ಐ20 ಎನ್ ಲೈನ್ ಥರದ ಒಂದು ಲೀಟರ್ ಟರ್ಬೊ ಚಿಕ್ಕ ಸ್ಲಾಬಲ್ಲಿ ಬರುತ್ತೆ, ವರ್ಟಸ್ ಜಿಟಿ, ಸ್ಲಾವಿಯಾ 1.5, ವರ್ನಾ ಟರ್ಬೊ ಎಲ್ಲಾ ದೊಡ್ಡ ಸ್ಲಾಬಿಗೆ ಹೋಗ್ತವೆ. ಇದು ಎಕ್ಸ್‌ಶೋರೂಮ್ ರೇಟಲ್ಲೇ ಸೇರಿರುತ್ತೆ, ತಲೆ ಕೆಡಿಸ್ಕೊಬೇಡಿ.

ತಲೆ ಕೆಡೋದು ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ ನೋಡಿದಾಗ. ಹತ್ತರಿಂದ ಇಪ್ಪತ್ತು ಲಕ್ಷದ ಪೆಟ್ರೋಲ್ ಕಾರಿಗೆ 17 ಪರ್ಸೆಂಟು, ಇಪ್ಪತ್ತು ದಾಟಿದ್ರೆ 18, ಅದ್ರ ಮೇಲೆ ಸೆಸ್ಸು ಬೇರೆ. 18 ಲಕ್ಷದ ಕಾರಿಗೆ ಬರೀ ಟ್ಯಾಕ್ಸೇ ಮೂರು ಲಕ್ಷ ದಾಟುತ್ತೆ. ಶಿವಮೊಗ್ಗದ ಕೆಎ-14 ನಂಬರು ಬೀಳೋ ಹೊತ್ತಿಗೆ ಕೈ ಖಾಲಿ ಆಗಿ, ಒಳ್ಳೆ ಟೈರು ಹಾಕ್ಸೋಕೆ, ಝೀರೊ ಡೆಪ್ (ಪಾರ್ಟ್ಸ್ ಹಳೇದಾಯ್ತು ಅಂತ ಕ್ಲೇಮಲ್ಲಿ ದುಡ್ಡು ಕಡಿಯದ) ಇನ್ಶೂರೆನ್ಸಿಗೆ ದುಡ್ಡಿಲ್ಲ ಅನ್ನೋರನ್ನ ಬೇಕಾದಷ್ಟು ಜನ ನೋಡಿದೀನಿ. ಒಂದು ವೇರಿಯಂಟ್ ಕೆಳಗೆ ಇಳೀರಿ, ಪರ್ವಾಗಿಲ್ಲ. ಸನ್‌ರೂಫ್ ಬಿಟ್ರೆ ನಮ್ಮೂರಲ್ಲಿ ಎಂತದೂ ಕಳ್ಕೊಳಲ್ಲ, ವರ್ಷದಲ್ಲಿ ನಾಲ್ಕೈದು ತಿಂಗ್ಳು ಅದ್ರ ಮೇಲೆ ಮಳೆನೇ ಹೊಯ್ತಿರುತ್ತೆ.

ಹಂತ 2: ಸ್ಪೆಕ್ ಶೀಟಲ್ಲಿ ಯಾವ ಸಾಲು ಓದ್ಬೇಕು

ಎಲ್ರೂ ಮೊದ್ಲು ಪಿಎಸ್, ಅಂದ್ರೆ ಇಂಜಿನ್ನಿನ ಪವರ್ ಓದ್ತಾರೆ. ವರ್ಟಸ್ 1.5ಕ್ಕೆ 150, ವರ್ನಾ ಟರ್ಬೊಗೆ 160, ಐ20 ಎನ್ ಲೈನಿಗೆ 120. ಆ ನಂಬರು ಬರೋದು ಇಂಜಿನ್ ಐದಾರು ಸಾವ್ರ ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಹತ್ರ ಕೂಗ್ತಿರೋವಾಗ. ಆಗುಂಬೆ ಘಾಟಿಯ 14 ಹೇರ್‌ಪಿನ್ನಲ್ಲಿ ನೀವು ಇರೋದು ಒಂದು ಇಲ್ಲ ಎರಡನೇ ಗೇರಲ್ಲಿ, ಇಪ್ಪತ್ತರ ಸ್ಪೀಡಲ್ಲಿ, ಅಲ್ಲಿ ಐದು ಸಾವ್ರ ಎಲ್ಲಿಂದ ಬರ್ಬೇಕು?

ನಮಗೆ ಬೇಕಾಗಿರೋದು ಟಾರ್ಕ್, ಅಂದ್ರೆ ಚಕ್ರ ತಿರ್ಗ್ಸೋ ಬಲ, ಅದೂ ಎಷ್ಟು ಕೆಳಗಿನ ಆರ್‌ಪಿಎಂನಿಂದ ಸಿಗುತ್ತೆ ಅನ್ನೋದು. ವರ್ಟಸ್ 1.5ರಲ್ಲಿ 250 ನ್ಯೂಟನ್ ಮೀಟರ್ 1600ರಿಂದ್ಲೇ ಸಿಗುತ್ತೆ, ವರ್ನಾದಲ್ಲಿ 253 ಸಿಗೋದು 1500ರಿಂದ. ಅದಕ್ಕಿಂತ ಕೆಳಗೆ ಬಿದ್ರೆ ಯಾವ ಟರ್ಬೊನೂ ನಿದ್ದೆ ಮಾಡುತ್ತೆ. ತಿರುವಿನ ಮಧ್ಯ ಎರಡನೇ ಗೇರಲ್ಲಿ 1200ಕ್ಕೆ ಬಂದು ಕಾರು ಮುಕ್ಕಿ ಮುಕ್ಕಿ ಹತ್ತೋಕೆ ಇದೇ ಕಾರಣ, ಇಂಜಿನ್ ಹಾಳಾಗಿರೋದಲ್ಲ, ಒಂದನೇ ಗೇರಿಗೆ ಇಳ್ಸಿ.

ಆಟೊಮ್ಯಾಟಿಕ್ ಬೇಕು ಅನ್ನೋರಿಗೆ ಒಂದು ಮಾತು. ಈ ರೇಂಜಿನ ಬಹಳಷ್ಟು ಟರ್ಬೊ ಕಾರಲ್ಲಿ ಬರೋದು ಡ್ಯುಯಲ್ ಕ್ಲಚ್ ಗೇರ್‌ಬಾಕ್ಸು, ಅದೂ ಡ್ರೈ ಕ್ಲಚ್, ಅಂದ್ರೆ ತಣ್ಣಗಿಡೋಕೆ ಆಯಿಲ್ ಇಲ್ಲದ್ದು. ಓಡೋವಾಗ ಚಿನ್ನದಂಥಾದ್ದು, ಆದ್ರೆ ಏರಲ್ಲಿ ಬಸ್ಸಿನ ಹಿಂದೆ ಸಾಲು ನಿಂತಾಗ ಬ್ರೇಕ್ ಬಿಟ್ಟು ಆಕ್ಸಿಲರೇಟರಲ್ಲೇ ಕಾರು ಹಿಡ್ಕೊಂಡು ನಿಂತ್ರೆ ಕ್ಲಚ್ ಬಿಸಿಯಾಗುತ್ತೆ. ನಡುಗೋದು, ಸುಟ್ಟ ವಾಸ್ನೆ, ಸ್ಕ್ರೀನಲ್ಲಿ ಗೇರ್‌ಬಾಕ್ಸ್ ಬಿಸಿ ಅಂತ ವಾರ್ನಿಂಗು, ಈ ಮೂರರಲ್ಲಿ ಯಾವ್ದು ಬಂದ್ರೂ ಬದಿಗೆ ಹಾಕಿ ಆರೋಕೆ ಬಿಡಿ. ನಿಲ್ಬೇಕಾದ್ರೆ ಬ್ರೇಕ್ ಒತ್ತಿ, ಇಲ್ಲಾಂದ್ರೆ ಆಟೊ ಹೋಲ್ಡ್ (ಕಾರೇ ಬ್ರೇಕ್ ಹಿಡ್ಕೊಳೋದು) ಹಾಕಿ.

ಮೂರನೇದು ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ಕಾರಿನ ಹೊಟ್ಟೆಗೂ ರಸ್ತೆಗೂ ಮಧ್ಯದ ಜಾಗ. ವರ್ಟಸ್, ಸ್ಲಾವಿಯಾ ಎರಡಕ್ಕೂ 179 ಮಿಲಿಮೀಟರ್ ಕೊಟ್ಟಿದಾರೆ, ನಮ್ಮ ರಸ್ತೆ ಉಬ್ಬಿಗೆ, ತೋಟದ ದಾರಿ ಶುರುವಾಗೋ ಕಡೆ ಇರೋ ಏರಿಗೆ ನಡೆಯುತ್ತೆ. ಗೋಲ್ಫ್ ಜಿಟಿಐ 265 ಪಿಎಸ್ ಅಂತ ಆಸೆ ಪಡೋರು ಇದಾರೆ, ಒಳ್ಳೆ ಕಾರೇ, ಅರ್ಧ ಕೋಟಿ ದಾಟುತ್ತೆ. ಮಳೆಗಾಲ ಮುಗಿದ್ಮೇಲೆ ಹೊಸನಗರ ಕಡೆ ಗುಂಡಿಗಳನ್ನ ನೋಡ್ಕೊಂಡು ಬಂದು ಆಮೇಲೆ ಬುಕ್ ಮಾಡಿ.

ಕಡೆಗೆ ಬ್ರೇಕು. ನಾಲ್ಕೂ ಡಿಸ್ಕಾ, ಹಿಂದೆ ಡ್ರಮ್ಮಾ ಕೇಳಿ, ಕೆಲವು ಟರ್ಬೊ ಕಾರಲ್ಲೂ ಹಿಂದೆ ಡ್ರಮ್ಮೇ ಇರುತ್ತೆ. ಡ್ರಮ್ ಇದ್ರೆ ಕಾರು ಬೇಡ ಅಂತಲ್ಲ, ಘಾಟಿ ಇಳಿಯೋವಾಗ ಗೇರಲ್ಲೇ ಹಿಡೀಬೇಕು ಅನ್ನೋದು ಗೊತ್ತಿರ್ಲಿ.

ಹಂತ 3: ಶೋರೂಮಲ್ಲಿ ನಿಂತ ಕಾರಲ್ಲೇ ಅರ್ಧ ಗಂಟೆ ಕೂರಿ

ಜನ ಹಾರ್ಸೋ ಹಂತ ಇದೇ. ಸೇಲ್ಸ್ ಹುಡುಗ ಆಂಬಿಯಂಟ್ ಲೈಟು ತೋರ್ಸೋಕೆ ಬರ್ತಾನೆ, "ಒಂದೈದು ನಿಮಿಷ ಬಿಡಪ್ಪ" ಅಂತ ಹೇಳಿ ಬಾಗ್ಲು ಹಾಕ್ಕೊಳಿ. ಸೀಟು ನಿಮ್ಮ ಅಳತೆಗೆ ಮಾಡ್ಕೊಳಿ (ಹೇಗೆ ಅನ್ನೋದು ಹಂತ 6ರಲ್ಲಿದೆ, ಅದನ್ನ ಓದ್ಕೊಂಡೇ ಶೋರೂಮಿಗೆ ಹೋಗಿ).

ಮೊದ್ಲು ಬಲಗಡೆ ಕಂಬ ನೋಡಿ, ಅಂದ್ರೆ ಮುಂದಿನ ಗಾಜಿಗೂ ಬಾಗ್ಲಿಗೂ ಮಧ್ಯ ಇರೋ ಎ ಪಿಲ್ಲರ್. ಜೊತೆಗೆ ಬಂದೋರನ್ನ ಕಾರಿನ ಮುಂದೆ ಬಲಕ್ಕೆ ಹತ್ತು ಹೆಜ್ಜೆ ದೂರ ನಿಲ್ಸಿ, ನಿಧಾನಕ್ಕೆ ಅಡ್ಡ ನಡೀರಿ ಅನ್ನಿ. ಕಂಬದ ಹಿಂದೆ ಪೂರ್ತಿ ಮಾಯ ಆಗ್ತಾರಾ? ಎಷ್ಟು ಹೆಜ್ಜೆ ಮಾಯ? ಬಲಕ್ಕೆ ತಿರುಗೋ ಹೇರ್‌ಪಿನ್ನಲ್ಲಿ ಎದುರು ಬರೋ ಜೀಪು ಮುಚ್ಚಿ ಹೋಗೋದು ಕರೆಕ್ಟಾಗಿ ಅಲ್ಲೇ. ಕನ್ನಡಿಯನ್ನ ಬಾಗ್ಲಿನ ಮೇಲೆ ಕೂರ್ಸಿದ್ರೆ ಕಂಬಕ್ಕೂ ಕನ್ನಡಿಗೂ ಮಧ್ಯ ಒಂದು ಸಂದಿ ಸಿಗುತ್ತೆ, ಅದು ದೊಡ್ಡ ಉಪಕಾರ. ಕಂಬದ ಬುಡಕ್ಕೇ ಕನ್ನಡಿ ಅಂಟ್ಸಿರೋ ಕಾರಲ್ಲಿ ಎರಡೂ ಸೇರಿ ಒಂದು ಗೋಡೆ ಆಗ್ಬಿಡುತ್ತೆ.

ಆಮೇಲೆ ಹಿಂದಿನ ಗಾಜು. ಇಳಿಜಾರು ರೂಫಿನ ಸ್ಪೋರ್ಟಿ ಕಾರುಗಳಲ್ಲಿ ಒಳಗಿನ ಕನ್ನಡಿಲಿ ಕಾಣೋದು ಅಂಚೆ ಪೆಟ್ಟಿಗೆ ಬಾಯಿ ಅಷ್ಟೇ. ಹಿಂದಿನ ಸೀಟಿನ ಮೂರು ಹೆಡ್‌ರೆಸ್ಟೂ ಎತ್ತರಿಸಿ ನೋಡಿ, ಏನು ಉಳೀತು? ಬದಿ ಕನ್ನಡಿಯ ಸ್ವಿಚ್ ತಿರ್ಗ್ಸಿ, ನಿಮ್ಮ ಎತ್ತರಕ್ಕೆ ಗಾಜು ಸಾಕಷ್ಟು ಹೊರಕ್ಕೆ ಹೋಗುತ್ತಾ ನೋಡಿ, ಕೆಲವು ಕಾರಲ್ಲಿ ಉದ್ದ ಇರೋರಿಗೆ ಸಾಕಾಗಲ್ಲ. ಎಲೆಕ್ಟ್ರಿಕ್ ಫೋಲ್ಡಿಂಗ್ ಮಲ್ನಾಡಲ್ಲಿ ಶೋಕಿ ಅಲ್ಲ, ಸಣ್ಣ ಸಂಕದ (ಕಿರು ಸೇತುವೆ) ಮೇಲೆ ಎದುರು ಬಸ್ಸು ಬಂದಾಗ ಬೇಕೇ ಬೇಕು. ಕನ್ನಡಿ ಬಿಸಿ ಮಾಡೋ ಹೀಟರ್ ಇದ್ರೆ ಇನ್ನೂ ಒಳ್ಳೇದು. ಕ್ಯಾಮೆರಾ ಇರೋ ಕನ್ನಡಿ ಆದ್ರೆ ಒಡೆದ್ರೆ ಎಷ್ಟು ಅಂತ ಪಾರ್ಟ್ಸ್ ಕೌಂಟರಲ್ಲಿ ಕೇಳ್ಬಿಡಿ, ಕೇಳಿ ಗಾಬರಿ ಆಗ್ಬೇಡಿ.

ಬ್ಲೈಂಡ್ ಸ್ಪಾಟ್ ವಾರ್ನಿಂಗ್ (ಕನ್ನಡಿಲಿ ಕಾಣದ ಜಾಗದಲ್ಲಿ ಗಾಡಿ ಬಂದ್ರೆ ಎಚ್ಚರಿಸೋದು) ಇದೆ, ಕನ್ನಡಿ ನೋಡೋದೇ ಬೇಡ ಅಂತ ಹೇಳಿದ್ರೆ ನಂಬ್ಬೇಡಿ. ಸಾಮಾನ್ಯವಾಗಿ ಅದ್ರ ರೇಡಾರ್ ಇರೋದು ಹಿಂದಿನ ಬಂಪರಿನ ಮೂಲೆಗಳಲ್ಲಿ, ನಮ್ಮ ಕೆಂಪು ಕೆಸರು ದಪ್ಪಗೆ ಮೆತ್ತಿದ್ರೆ ಅದು ಕಣ್ಮುಚ್ಚುತ್ತೆ.

ಹಂತ 4: ಟೆಸ್ಟ್ ಡ್ರೈವ್ ಬೈಪಾಸಲ್ಲಿ ಬೇಡ

ಶೋರೂಮಿನವ್ರು ನಾಲ್ಕು ಲೇನ್ ಹುಡುಕ್ಕೊಂಡು ಕರ್ಕೊಂಡೋಗಿ ಒಂದ್ಸಲ ಕಾಲು ಒತ್ತ್ಸಿ ವಾಪಸ್ ತರ್ತಾರೆ. ನೀವು ತೀರ್ಥಹಳ್ಳಿ ರಸ್ತೆ ಕೇಳಿ, ಗಾಜನೂರು ದಾಟಿ ಸಕ್ರೆಬೈಲು ಆನೆ ಬಿಡಾರದ ತನಕ, ಶಿವಮೊಗ್ಗದಿಂದ ಹೋಗೋಕೆ ಸುಮಾರು 14 ಕಿಲೋಮೀಟರ್. ತಿರುವಿದೆ, ನೆರಳು ಬಿಸಿಲು ಇದೆ, ರಸ್ತೆ ಉಬ್ಬಿದೆ, ಬಸ್ಸಿದೆ, ಭಾನುವಾರ ಆದ್ರೆ ಆನೆ ನೋಡೋಕೆ ಬಂದ ಜನನೂ ಇದಾರೆ. ಕಾರಿನ ಗುಣ ಎಲ್ಲಾ ಅಲ್ಲೇ ಗೊತ್ತಾಗುತ್ತೆ.

ನೋಡ್ಬೇಕಾದ್ದು: ಮೂರನೇ ಗೇರಲ್ಲಿ 30ರಿಂದ 60ಕ್ಕೆ ತೊದಲದೆ ಹೋಗುತ್ತಾ, ಖಾಲಿ ರಸ್ತೆಲಿ ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಂಡು 60ರಿಂದ ಗಟ್ಟಿ ಬ್ರೇಕ್ ಹಾಕಿದ್ರೆ ನೆಟ್ಟಗೆ ನಿಲ್ಲುತ್ತಾ, ತಿರುವಿನ ಮಧ್ಯ ಗುಂಡಿ ಸಿಕ್ರೆ ಹಿಂಬದಿ ಕುಣಿಯುತ್ತಾ. ಜೊತೆಗೆ ಯಾರೂ ನೋಡದ್ದು ಒಂದು: 80ರ ಸ್ಪೀಡಲ್ಲಿ ಬದಿ ಕನ್ನಡಿ ನಡುಗುತ್ತಾ? ಹಿಂದಿನ ಕಾರಿನ ನಂಬರ್ ಪ್ಲೇಟು ಮಸುಕಾಗಿ ಅಲ್ಲಾಡಿದ್ರೆ ಆ ಕನ್ನಡಿ ಪ್ರಯೋಜನ ಇಲ್ಲ, ಬೇರೆ ಡೆಮೊ ಕಾರು ಓಡ್ಸಿ ನೋಡಿ, ಅದ್ರಲ್ಲೂ ಹಾಗೇ ಆದ್ರೆ ಮಾಡೆಲ್ಲೇ ಬೇಡ. ನಾನು ಒಂದು ಕಾರು ಬಿಟ್ಟಿದ್ದು ಇದೊಂದೇ ಕಾರಣಕ್ಕೆ, ಮನೆಯೋರು ಈಗ್ಲೂ ನಗ್ತಾರೆ.

ಹಂತ 5: ಡೆಲಿವರಿ ಹಿಂದಿನ ದಿನ

ಹಾರ ಹಾಕೋ ದಿನ ಯಾರಿಗೂ ತಲೆ ನಿಲ್ಲಲ್ಲ, ಹಿಂದಿನ ದಿನ ಹಗಲಲ್ಲಿ ಹೋಗಿ. ಟೈರಿನ ಬದೀಲಿ ಡಿಒಟಿ ಅಂತ ಶುರುವಾಗೋ ಕೋಡಿನ ಕೊನೇ ನಾಲ್ಕು ಅಂಕೆ ಓದಿ, 2325 ಅಂತ ಇದ್ರೆ 2025ರ 23ನೇ ವಾರ ಮಾಡಿದ್ದು. ಐದೂ ಟೈರು ನೋಡಿ. ಎರಡೂ ಕನ್ನಡಿ ಮಡ್ಸಿ ಬಿಚ್ಚಿ, ಗಾಜು ಅದೇ ಜಾಗಕ್ಕೆ ವಾಪಸ್ ಬರುತ್ತಾ ನೋಡಿ. ಕನ್ನಡಿ ಒಳಗೆ ಮಂಜು ಕಟ್ಟಿದ್ರೆ, ಇಂಡಿಕೇಟರ್ ಒಳಗೆ ನೀರಿದ್ರೆ ಅಲ್ಲೇ ಬರೆಸಿ, ಆಮೇಲೆ ಹೇಳಿದ್ರೆ ನೀವೇ ತೊಳೆದು ಮಾಡಿದ್ದು ಅಂತಾರೆ.

ಹೊಸ ಟೈರು ಮೊದ್ಲ ಇನ್ನೂರು ಮುನ್ನೂರು ಕಿಲೋಮೀಟರ್ ಜಾರುತ್ತೆ, ಬ್ರೇಕ್ ಪ್ಯಾಡೂ ಇನ್ನೂ ಕೂತಿರಲ್ಲ. ಶೋರೂಮಿಂದ ಸೀದಾ ಆಗುಂಬೆ ಸೂರ್ಯಾಸ್ತಕ್ಕೆ ಹೊರಡ್ಬೇಡಿ ಮಾರಾಯ್ರೆ.

ಹಂತ 6: ಮೊದ್ಲು ಸೀಟು

ಇಲ್ಲಿಂದ ಕನ್ನಡಿ ಕೆಲ್ಸ ಶುರು, ಆದ್ರೆ ಕನ್ನಡಿ ಇನ್ನೂ ಮುಟ್ಟೋ ಹಾಗಿಲ್ಲ. ಕಣ್ಣು ಎಲ್ಲಿದೆ ಅನ್ನೋದ್ರ ಮೇಲೆ ಕನ್ನಡಿಲಿ ಕಾಣೋದು ನಿಂತಿದೆ, ಕಣ್ಣಿನ ಜಾಗ ತೀರ್ಮಾನ ಮಾಡೋದು ಸೀಟು.

ಸೊಂಟ ಸೀಟಿನ ಹಿಂದಕ್ಕೆ ಪೂರ್ತಿ ಒತ್ತಿ ಕೂರಿ. ಎತ್ತರ ಮೊದ್ಲು, ತಲೆಗೂ ರೂಫಿಗೂ ಮಧ್ಯ ಒಂದು ಮುಷ್ಟಿ ಜಾಗ ಇಟ್ಕೊಂಡು ಆದಷ್ಟೂ ಮೇಲಕ್ಕೆ ಬನ್ನಿ. ರೇಸ್ ಕಾರಲ್ಲಿ ಕೂತ ಹಾಗೆ ಕೆಳಗೆ ಕೂರೋ ಹುಡುಗರಿಗೆ ಬೊನೆಟ್ಟೂ ಕಾಣಲ್ಲ ಚರಂಡಿನೂ ಕಾಣಲ್ಲ. ಆಮೇಲೆ ಹಿಂದೆ ಮುಂದೆ: ಕ್ಲಚ್ ಪೂರ್ತಿ ಒತ್ತಿದಾಗ ಮಂಡಿ ಸ್ವಲ್ಪ ಬಗ್ಗಿರ್ಬೇಕು, ನೆಟ್ಟಗಾದ್ರೆ ದೂರ ಆಯ್ತು. ಆಟೊಮ್ಯಾಟಿಕ್ ಆದ್ರೆ ಬ್ರೇಕ್ ಗಟ್ಟಿ ಒತ್ತಿ ಇದನ್ನೇ ನೋಡಿ. ಬೆನ್ನಿನ ವಾಲು ಸರಿ ಮಾಡೋಕೆ, ಭುಜ ಸೀಟಿಗೆ ತಾಗಿರೋ ಹಾಗೇ ಕೈ ಚಾಚಿದ್ರೆ ಮಣಿಕಟ್ಟು ಸ್ಟೇರಿಂಗಿನ ಮೇಲ್ಭಾಗದ ಮೇಲೆ ಕೂರ್ಬೇಕು. ಎದೆಗೂ ಸ್ಟೇರಿಂಗ್ ಮಧ್ಯಕ್ಕೂ 25 ಸೆಂಟಿಮೀಟರಿಗಿಂತ ಕಮ್ಮಿ ಆಗ್ಬಾರ್ದು, ಟೇಪ್ ಹಿಡ್ದು ನೋಡಿ, ಏರ್‌ಬ್ಯಾಗ್ ಬಿಚ್ಚೋಕೆ ಆ ಜಾಗ ಬೇಕು. ಹೆಡ್‌ರೆಸ್ಟಿನ ಮೇಲಂಚು ತಲೆ ಎತ್ತರಕ್ಕೆ ಬರ್ಲಿ. ಬೆಲ್ಟ್ ಹಾಕಿ. ಈಗ ಕನ್ನಡಿ.

ತಪ್ಪಾಗೋದು ಎಲ್ಲಿ ಅಂದ್ರೆ, ಬೆಳಿಗ್ಗೆ ಫ್ರೆಶ್ಶಾಗಿ ನೆಟ್ಟಗೆ ಕೂತು ಕನ್ನಡಿ ಇಡ್ತಾರೆ, ರಿಪ್ಪನ್‌ಪೇಟೆ ಮುಟ್ಟೋ ಹೊತ್ತಿಗೆ ಸೊಂಟ ಜಾರಿ ಕಣ್ಣು ಎರಡಿಂಚು ಕೆಳಗಿರುತ್ತೆ, ಕನ್ನಡಿಲಿ ಬರೀ ಮರದ ತುದಿ. ಹಾಗಾದಾಗ ಕನ್ನಡಿ ತಿರ್ಗಿಸ್ಬೇಡಿ, ನೀವು ಸರಿಯಾಗಿ ಕೂರಿ. ಕನ್ನಡಿಲಿ ಕಾಣೋದು ಬದಲಾಯ್ತು ಅಂದ್ರೆ ನಿಮಗೆ ಸುಸ್ತಾಗಿದೆ ಅನ್ನೋದಕ್ಕೂ ಅದೇ ಗುರ್ತು, ಒಂದು ಟೀ ಕುಡೀರಿ.

ಹಂತ 7: ಒಳಗಿನ ಕನ್ನಡಿ

ಕೆಳಗಿನ ಪುಟ್ಟ ಲಿವರ್ ಹಗಲಿನ ಪೊಸಿಶನಲ್ಲಿ, ಅಂದ್ರೆ ಗಾಜಿನ ಕಡೆಗೆ ತಳ್ಳಿರ್ಲಿ. ಕನ್ನಡಿಯ ಅಂಚು ಹಿಡ್ದು, ಹಿಂದಿನ ಗಾಜು ಪೂರ್ತಿ ಫೋಟೊ ಫ್ರೇಮಿನ ಹಾಗೆ ಒಳಗೆ ಬರೋ ಥರ ಇಡಿ. ನಿಮ್ಮ ಕಿವಿ ಕಂಡ್ರೆ ತಪ್ಪು, ಹಿಂದೆ ಕೂತ ಮಗು ಕಂಡ್ರೂ ತಪ್ಪೇ, ಮಗು ನೋಡ್ಕೊಳೋಕೆ ಬೇರೆಯವ್ರು ಇರ್ಲಿ.

ರಾತ್ರಿ ಹಿಂದಿನವ್ನ ಎಲ್‌ಇಡಿ ಕಣ್ಣಿಗೆ ಹೊಡೆದಾಗ ಲಿವರ್ ನಿಮ್ಮ ಕಡೆ ಎಳೀರಿ, ಕನ್ನಡಿನೇ ಪಕ್ಕಕ್ಕೆ ತಿರ್ಗಿಸ್ಬೇಡಿ. ಈ ಲಿವರ್ ಇದೆ ಅಂತ್ಲೇ ಗೊತ್ತಿಲ್ಲದೆ ಹತ್ತು ವರ್ಷ ಕಾರು ಓಡ್ಸಿದೋರು ಇದಾರೆ. ಹಿಂದಿನ ಗಾಜಿನ ಹತ್ರ ಹಲಸಿನಹಣ್ಣು, ಕಂಬ್ಳಿ, ತವರು ಮನೆಯಿಂದ ತಂದ ಬಾಳೆಗೊನೆ ಇಡ್ಬೇಡಿ. ಕಪ್ಪು ಫಿಲ್ಮೂ ಬೇಡ, ಹಿಂದಿನ ಗಾಜಲ್ಲಿ 70 ಪರ್ಸೆಂಟ್, ಬದಿ ಗಾಜಲ್ಲಿ 50 ಪರ್ಸೆಂಟ್ ಬೆಳಕು ಒಳಗೆ ಬರ್ಲೇಬೇಕು ಅನ್ನೋದು ನಿಯಮ, ಅದಿಲ್ದಿದ್ರೂ ಮಳೆಗಾಲದ ಸಂಜೆ ಆ ಫಿಲ್ಮಲ್ಲಿ ಎಂತದೂ ಕಾಣಲ್ಲ.

ಹಂತ 8: ಬದಿ ಕನ್ನಡಿ, ಎಲ್ರೂ ಎಡವೋ ಜಾಗ

ನೂರಕ್ಕೆ ತೊಂಬತ್ತು ಜನ ಬದಿ ಕನ್ನಡಿಲಿ ತಮ್ಮ ಕಾರಿನ ಬಾಗ್ಲನ್ನೇ ನೋಡ್ಕೊಂಡು ಹೋಗ್ತಿರ್ತಾರೆ. ನಿಮ್ಮ ಕಾರು ನಿಮ್ಮ ಜೊತೆಗೇ ಬರುತ್ತೆ, ಅದನ್ನ ಎಂತಕ್ಕೆ ನೋಡೋದು? ಕನ್ನಡಿ ಕಾಲು ಭಾಗ ಬಾಗ್ಲಿಗೆ ಹೋದ್ರೆ ಹಿಂದಿನ ಬಂಪರಿಂದ ನಿಮ್ಮ ಭುಜದ ತನಕ ಒಂದು ಪಟ್ಟಿ ಯಾವ ಕನ್ನಡಿಲೂ ಕಾಣಲ್ಲ. ಬೈಕು ಕೂತ್ಕೊಳೋದು ಅಲ್ಲೇ.

ಜಾರ್ಜ್ ಪ್ಲಾಟ್ಜರ್ ಅನ್ನೋರು 1995ರಲ್ಲಿ ಅಮೆರಿಕದ ವಾಹನ ಇಂಜಿನಿಯರುಗಳ ಸಂಘ ಎಸ್‌ಎಇಗೆ ಬರೆದ ಲೇಖನದಲ್ಲಿ ಕನ್ನಡಿ ಇನ್ನೂ ಹೊರಕ್ಕೆ ತಿರ್ಗ್ಸೋ ವಿಧಾನ ಹೇಳಿದಾರೆ. ಅಲ್ಲಿ ಸ್ಟೇರಿಂಗ್ ಎಡಕ್ಕೆ, ನಮಗೆ ಬಲಕ್ಕೆ, ಹಾಗಾಗಿ ಉಲ್ಟಾ ಮಾಡ್ಕೊಬೇಕು:

1. ಬಲ ಕನ್ನಡಿಗೆ: ತಲೆ ಬಲಗಡೆ ಗಾಜಿಗೆ ತಾಗೋ ಹಾಗೆ ವಾಲಿ. ಹಾಗೇ ಇದ್ದು, ಕಾರಿನ ಹಿಂಬದಿ ಮೈ ಕನ್ನಡಿಯ ಒಳ ಅಂಚಲ್ಲಿ ಒಂದು ಎಳೆಯಷ್ಟು ಮಾತ್ರ ಕಾಣೋ ತನಕ ಗಾಜು ಹೊರಕ್ಕೆ ತಿರ್ಗ್ಸಿ. ವಾಪಸ್ ನೆಟ್ಟಗೆ ಕೂತ್ರೆ ಕಾರಿನ ಮೈ ಕಾಣಲ್ಲ, ಅದೇ ಸರಿ.

2. ಎಡ ಕನ್ನಡಿಗೆ: ತಲೆ ಕಾರಿನ ಮಧ್ಯಕ್ಕೆ, ಹ್ಯಾಂಡ್‌ಬ್ರೇಕಿನ ಮೇಲೆ ಬರೋ ಹಾಗೆ ವಾಲಿ, ಅಲ್ಲಿಂದ ಎಡ ಮೈ ಒಂದು ಎಳೆ ಕಾಣೋ ಹಾಗೆ ಇಡಿ.

3. ಮೇಲೆ ಕೆಳಗೆ: ಸಪಾಟು ಜಾಗದಲ್ಲಿ, ದೂರದ ರಸ್ತೆ ಆಕಾಶ ಸೇರೋ ಗೆರೆ ಕನ್ನಡಿಯ ನಡುವಿಗೆ ಬರ್ಲಿ. ಹಿಂದಿನ ಚಕ್ರ ನೋಡೋಕೆ ಅಂತ ಪೂರ್ತಿ ಕೆಳಗೆ ಬಗ್ಗ್ಸಿಡೋದು ದೊಡ್ಡ ತಪ್ಪು, ಡಾಂಬರು ಬಿಟ್ಟು ಬೇರೆ ಕಾಣಲ್ಲ.

ಈಗ ನನ್ನ ಅಭಿಪ್ರಾಯ. ಈ ಪೂರ್ತಿ ಹೊರಗಿನ ಸೆಟ್ಟಿಂಗು ತುಮಕೂರು ಕಡೆಗೆ ಹೈವೇಲಿ ಹೋಗೋವಾಗ ತುಂಬಾ ಚೆನ್ನಾಗಿದೆ, ಹಿಂದಿನ ಲೈಟು ಕಣ್ಣಿಗೆ ಹೊಡೆಯೋದೂ ಕಮ್ಮಿ. ಆದ್ರೆ ಒಂದೂವರೆ ಕಾರು ಅಗಲದ ನಮ್ಮ ಊರೊಳಗಿನ ರಸ್ತೆಲಿ, ಎದುರು ಬಸ್ಸು ಬಂದು ನೀವು ಚರಂಡಿ ಅಂಚಿಗೆ ಸರೀಬೇಕಾದಾಗ, ಕಾರಿನ ಮೈ ಒಂಚೂರೂ ಕಾಣದಿದ್ರೆ ಅಂದಾಜು ಸಿಗಲ್ಲ. ನಾನು ಮಾಡೋದು ಎಂತ ಅಂದ್ರೆ ಬಲ ಕನ್ನಡಿ ಮೇಲೆ ಹೇಳಿದ ಹಾಗೇ, ಎಡ ಕನ್ನಡಿಗೆ ಮಾತ್ರ ಪೂರ್ತಿ ವಾಲದೆ ಅರ್ಧ ವಾಲಿ ಇಡ್ತೀನಿ, ನೆಟ್ಟಗೆ ಕೂತಾಗ ಹಿಂದಿನ ಬಾಗ್ಲಿನ ಹಿಡಿ ತುದಿ ಮಿಣುಕುತ್ತೆ ಅಷ್ಟೇ. ನಮ್ಮಲ್ಲಿ ಬದಿ ಕನ್ನಡಿ ಸಾಮಾನ್ಯವಾಗಿ ಉಬ್ಬು ಗಾಜು, ಅಗಲ ಜಾಸ್ತಿ ತೋರ್ಸುತ್ತೆ, ಹಾಗಾಗಿ ಅರ್ಧ ವಾಲಿದ್ರೂ ನಡೆಯುತ್ತೆ.

ಉಬ್ಬು ಗಾಜಿಗೆ ಒಂದು ಕೆಟ್ಟ ಗುಣ ಇದೆ, ಹಿಂದಿನ ಗಾಡಿ ಇರೋದಕ್ಕಿಂತ ದೂರ, ಚಿಕ್ಕದಾಗಿ ಕಾಣುತ್ತೆ. ಒಳಗಿನ ಕನ್ನಡಿ ಸಪಾಟು, ಸುಳ್ಳು ಹೇಳಲ್ಲ. ಓವರ್‌ಟೇಕಿಗೆ ಮೊದ್ಲು ಬದಿ ಕನ್ನಡಿಲಿ ಇದೆಯಾ ಇಲ್ವಾ ನೋಡಿ, ಎಷ್ಟು ಹತ್ರ ಅನ್ನೋದನ್ನ ಒಳಗಿನದ್ರಲ್ಲಿ ನೋಡಿ. ಅಂಗ್ಡೀಲಿ ಸಿಗೋ ದುಂಡನೆ ಪುಟ್ಟ ಕನ್ನಡಿ ಅಂಟ್ಸೋದಾದ್ರೆ ಹೊರಗಿನ ಕೆಳ ಮೂಲೆಗೆ ಅಂಟ್ಸಿ, ಮಧ್ಯಕ್ಕೆ ಅಂಟ್ಸಿ ಇದ್ದ ಕನ್ನಡಿನೂ ಕಳ್ಕೊಬೇಡಿ.

ಹಂತ 9: ಅಂಗಳದ ಪರೀಕ್ಷೆ

ಕಾರು ನಿಲ್ಸಿ, ಹ್ಯಾಂಡ್‌ಬ್ರೇಕ್ ಎಳ್ದು ಸೀಟಲ್ಲಿ ನೆಟ್ಟಗೆ ಕೂರಿ. ಬೈಕಿನವ್ನು ಹಿಂದೆ ಹದಿನೈದು ಇಪ್ಪತ್ತು ಹೆಜ್ಜೆ ದೂರದಿಂದ ನಡ್ಕೊಂಡು ಹೋಗೋ ಸ್ಪೀಡಲ್ಲಿ ಕಾರಿನ ಪಕ್ಕಕ್ಕೆ ಒಂದು ಬಾಗ್ಲು ತೆಗೆಯೋ ಅಷ್ಟು ಜಾಗ ಬಿಟ್ಟು ದಾಟ್ಲಿ. ಅವ್ನು ಮೊದ್ಲು ಒಳಗಿನ ಕನ್ನಡಿಲಿ ಕಾಣ್ಬೇಕು, ಅಲ್ಲಿಂದ ಪೂರ್ತಿ ಮಾಯ ಆಗೋ ಮೊದ್ಲೇ ಬದಿ ಕನ್ನಡಿಗೆ ಬರ್ಬೇಕು, ಬದಿ ಕನ್ನಡಿ ಬಿಡೋ ಮೊದ್ಲೇ ನಿಮ್ಮ ಕಣ್ಣಂಚಿಗೆ ಬೈಕಿನ ಮುಂದಿನ ಚಕ್ರ ಸಿಗ್ಬೇಕು. ಮಧ್ಯ ಎಲ್ಲಾದ್ರೂ "ಎಲ್ಲೋದ?" ಅನ್ನಿಸ್ತಾ, ಅಲ್ಲೇ "ನಿಲ್ಲೋ" ಅಂತ ಕೂಗಿ, ಇಳ್ದು ಹೋಗಿ ಆ ಜಾಗ ನೋಡಿ, ಕನ್ನಡಿ ಒಂದು ಚೂರು ಹೊರಕ್ಕೆ ತಿರ್ಗ್ಸಿ ಮತ್ತೆ ಓಡ್ಸಿ. ಎರಡೂ ಕಡೆ ಮಾಡಿ. ನಮ್ಮ ದೊಡ್ಡಪ್ಪನ ಮಗನಿಗೆ ಇದನ್ನ ಮಾಡಿಸ್ದಾಗ ಎಡಗಡೆ ಒಂದು ಪೂರ್ತಿ ಬುಲೆಟ್ಟೇ ಮೂರು ಹೆಜ್ಜೆ ಮಾಯ ಆಗಿತ್ತು, ಅವ್ನಿಗೆ ಮಾತೇ ಹೊರಡ್ಲಿಲ್ಲ.

ಎಷ್ಟೇ ಸರಿ ಇಟ್ರೂ ಬಲಕ್ಕೋ ಎಡಕ್ಕೋ ಸರಿಯೋ ಮೊದ್ಲು ಭುಜದ ಮೇಲಿಂದ ಒಂದ್ಸಲ ಕಣ್ಣು ಹಾಯ್ಸೋದು ಬಿಡ್ಬೇಡಿ. ಮನೇಲಿ ಇಬ್ಬರು ಓಡ್ಸೋದಾದ್ರೆ, ಪ್ರತಿಸಲ ಸೀಟು, ಒಳಕನ್ನಡಿ, ಬಲ, ಎಡ, ಇದೇ ಕ್ರಮ, ಅರ್ಧ ನಿಮಿಷದ ಕೆಲ್ಸ. ಡಿಕ್ಕಿಲಿ ನಾಲ್ಕು ಮೂಟೆ ಅಡಿಕೆ ಹಾಕಿದ್ರೂ ಮತ್ತೆ ನೋಡಿ, ಹಿಂಬದಿ ಕೂತು ಮೂತಿ ಎದ್ದಾಗ ಕನ್ನಡಿಲಿ ರಸ್ತೆನೇ ಜಾಸ್ತಿ ಕಾಣುತ್ತೆ.

ಹಂತ 10: ಘಾಟಿಲಿ ಯಾವಾಗ ಯಾವ ಕನ್ನಡಿ

ತಿರುವಲ್ಲಿ ಒಳಗಿನ ಕನ್ನಡಿ ರಸ್ತೆ ಪಕ್ಕದ ಮಣ್ಣಿನ ಧರೆ ತೋರ್ಸುತ್ತೆ, ಅಷ್ಟೇ. ಎಡಕ್ಕೆ ತಿರುಗೋವಾಗ ನೀವು ಬಂದ ದಾರಿ, ಹಿಂದಿನ ಗಾಡಿ ಎರಡೂ ಎಡ ಕನ್ನಡಿಲಿ ಇರ್ತವೆ, ಬಲಕ್ಕೆ ತಿರುಗೋವಾಗ ಬಲ ಕನ್ನಡಿಲಿ. ಇದು ತಲೇಲಿ ಕೂತ್ರೆ ಹುಲಿಕಲ್ ಘಾಟಿ ಇಳಿಯೋವಾಗ ಹಿಂದೆ ಅಂಟ್ಕೊಂಡು ಬರೋ ಟಿಪ್ಪರ್ ಎಷ್ಟು ಹತ್ರ ಇದೆ ಅಂತ ಹುಡುಕ್ಬೇಕಾಗಿಲ್ಲ. ಆದ್ರೆ ನೋಡೋದು ತಿರುವಿಗೆ ಮುಂಚೆ ಇಲ್ಲ ಮುಗಿದ್ಮೇಲೆ, ತಿರುವಿನ ಹೊಟ್ಟೇಲಿ ಕಣ್ಣು ಮುಂದೇ ಇರ್ಲಿ. ಬಲ ಹೇರ್‌ಪಿನ್ನಲ್ಲಿ ಕಂಬದ ಹಿಂದೆ ನೋಡೋಕೆ ಮೈ ಸ್ವಲ್ಪ ಮುಂದೆ ಹಿಂದೆ ಆಡ್ಸಿ, ನೋಡೋರಿಗೆ ಕೋಳಿ ಥರ ಕಾಣ್ತೀರಿ, ಕಾಣ್ಲಿ ಬಿಡಿ.

ಇಕ್ಕಟ್ಟಿದ್ರೆ ಹತ್ತೋ ಗಾಡಿಗೆ ಇಳಿಯೋರು ದಾರಿ ಬಿಡ್ಬೇಕು ಅನ್ನೋದು ನಿಯಮ. ಹಿಂದಕ್ಕೆ ತಗೋಬೇಕಾಗಿ ಬಂದ್ರೆ ಎಡ ಕನ್ನಡಿ ಕೆಳಕ್ಕೆ ಬಗ್ಗ್ಸಿ ಚರಂಡಿ ಅಂಚು ನೋಡ್ಕೊಳಿ, ಕೆಲವು ಕಾರಲ್ಲಿ ರಿವರ್ಸ್ ಹಾಕಿದ್ರೆ ತಾನೇ ಬಗ್ಗುತ್ತೆ. ಕ್ಯಾಮೆರಾ ಒಂದನ್ನೇ ನಂಬಿ ಹಿಂದೆ ಹೋಗ್ಬೇಡಿ, ಕ್ಯಾಮೆರಾಗೆ ಹಿಂದಿನ ಕಲ್ಲು ಕಾಣುತ್ತೆ, ಮುಂದಿನ ಚಕ್ರ ಚರಂಡಿಗೆ ಇಳಿಯೋದು ಕಾಣಲ್ಲ.

ಇಳಿಯೋವಾಗ ಹತ್ತಿದ ಗೇರಲ್ಲೇ ಇಳೀರಿ. ಬ್ರೇಕಿಂದ ಸುಟ್ಟ ವಾಸ್ನೆ, ಪೆಡಲ್ ಮೊದ್ಲಿಗಿಂತ ಆಳಕ್ಕೆ ಹೋಗೋದು, ಈ ಎರಡೂ ಬರೋ ತನಕ ಕಾಯ್ಬೇಡಿ, ಮೊದಲನೇದು ಬಂದ ತಕ್ಷಣ ಅಗಲ ಇರೋ ಕಡೆ ನಿಲ್ಸಿ. ನೀರು ಹೊಯ್ಬೇಡಿ. ರಸ್ತೆ ಮೇಲೆ ಹರವಿರೋ ಅಡಿಕೆ ಸಿಪ್ಪೆ ಕಂಡ್ರೆ ಅದ್ರ ಮೇಲೆ ಬ್ರೇಕೂ ಬೇಡ ಆಕ್ಸಿಲರೇಟರೂ ಬೇಡ, 250 ನ್ಯೂಟನ್ ಮೀಟರ್ ಅಲ್ಲಿ ಶತ್ರು.

ಹಂತ 11: ಮಳೆಗಾಲದಲ್ಲಿ ಕನ್ನಡಿ

ಟೈರಿನ ಗ್ರೂವ್ 1.6 ಮಿಲಿಮೀಟರ್ ತನಕ ಕಾನೂನು ಒಪ್ಪುತ್ತೆ, ಆಗುಂಬೆ ಮಳೆ ಒಪ್ಪಲ್ಲ, ಮೂರಕ್ಕೆ ಬಂದಾಗ್ಲೇ ಬದಲಾಯ್ಸಿ. ಕನ್ನಡಿಗೆ ನೀರು ನಿಲ್ಲದ ಹಾಗೆ ಮಾಡೋ ಸ್ಪ್ರೇ ಸಿಗುತ್ತೆ, ಗಾಜು ಚೆನ್ನಾಗಿ ತೊಳ್ದು ಒರೆಸಿ ಒಣಗಿದ್ಮೇಲೆ ಹಚ್ಚಿ. ಬಾಗ್ಲಿನ ಗಾಜಿಗೂ ಹಚ್ಚಿ, ಕನ್ನಡಿ ಒರೆಸಿಟ್ಟು ಮಧ್ಯದ ಗಾಜೇ ಮಂಜಾದ್ರೆ ಎಂತ ಬಂತು? ಒಳಗೆ ಮಂಜು ಕಟ್ಟಿದ್ರೆ ಎಸಿ ಹಾಕಿ, ಹೊರಗಿನ ಗಾಳಿ ಒಳಗೆ ಬರೋ ಹಾಗೆ ಬಿಡಿ, ಕೈಲಿ ಉಜ್ಜಿದ್ರೆ ಜಿಡ್ಡು ಹತ್ತಿ ರಾತ್ರಿ ಇನ್ನೂ ಕಷ್ಟ.

ಇನ್ನೊಂದು, ನಮ್ಮ ಕಡೆಯೋರಿಗೆ ಮಾತ್ರ ಗೊತ್ತಿರೋ ತೊಂದ್ರೆ. ಎರಡು ದಿನ ಕಾರು ನಿಂತ್ರೆ ಕನ್ನಡಿ ಹಿಂದೆ ಜೇಡ ಮನೆ ಮಾಡುತ್ತೆ, ಬಲೆ ಎಷ್ಟು ತೆಗೆದ್ರೂ ಮಾರನೇ ದಿನ ಮತ್ತೆ ಇರುತ್ತೆ. ನೀರಿನ ಪೈಪ್ ಜೋರಾಗಿ ಒಳಗೆ ಬಿಡ್ಬೇಡಿ, ಮೋಟರ್ ಇರುತ್ತೆ, ಹಳೇ ಟೂತ್ ಬ್ರಶ್ ಸಂದಿಗೆ ಹಾಕಿ ತೆಗೀರಿ. ಹಕ್ಕಿ ಕಾಟ ಅದಕ್ಕಿಂತ ಜೋರು, ಪಿಕಳಾರ, ಮಡಿವಾಳ ಹಕ್ಕಿ ಕನ್ನಡಿಲಿ ತನ್ನ ಮುಖನೇ ನೋಡಿ ಶತ್ರು ಅಂದ್ಕೊಂಡು ಬೆಳಿಗ್ಗೆಯಿಂದ ಕುಕ್ತಾ ಇರುತ್ತೆ, ಗಾಜಿನ ಮೇಲೆಲ್ಲಾ ಹಿಕ್ಕೆ. ಕಾರು ನಿಲ್ಸಿದ ಕೂಡ್ಲೇ ಕನ್ನಡಿ ಮಡ್ಸಿ, ಮಡ್ಸಿದ್ರೂ ಬಿಡದಿದ್ರೆ ಹಳೇ ಬಟ್ಟೆ ಚೀಲ ಹಾಕಿ ದಾರ ಕಟ್ಟಿ. ಕೆಂಪು ಚೀಲ ಹಾಕಿ, ಕಣ್ಣಿಗೆ ಹೊಡೆಯೋ ಅಂಥದ್ದು, ಇಲ್ಲಾಂದ್ರೆ ಅವಸರದಲ್ಲಿ ಚೀಲ ಸಮೇತ ಹೊರಟು ಗೇಟ್ ದಾಟಿದ್ಮೇಲೆ ನೆನಪಾಗುತ್ತೆ, ನಂಗೆ ಎರಡು ಸಲ ಆಗಿದೆ.